ನಗು ಕಲಿಸುವ ಪಾಠ, ಮೌನ ಕಲಿಸುವ ಪಾಠ

ಹುಡುಗರ ಪ್ರೌಢಶಾಲೆಯಲ್ಲಿ ಹಾಜರಿ ಕೂಗುವುದನ್ನು ಒಮ್ಮೆ ಗಮನಿಸಿ. ಏಳು, ಎಂಟರವರೆಗೆ ಎಲ್ಲವೂ ಸರಾಗ. ‘ಒಂಬತ್ತು’ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಆ ನಂಬರಿನ ಹುಡುಗ ತಲೆ ಎತ್ತದೆ ‘ಸರ್’ ಅನ್ನುತ್ತಾನೆ, ಅದೂ ಅರ್ಧ ಗಂಟಲಲ್ಲಿ. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಅಡಿಕೆ ಸೀಮೆಯಲ್ಲೂ ಇದನ್ನು ಕಂಡಿದ್ದೇನೆ, ಜಗಳೂರಿನ ಬಯಲಲ್ಲೂ ಕಂಡಿದ್ದೇನೆ. ಹೊನ್ನಾಳಿ, ನ್ಯಾಮತಿಗಳೂ ಬೇರೆಯಲ್ಲ. ಬೆಳೆ ಬೇರೆ, ಮಳೆ ಬೇರೆ, ಮನೆದೇವರು ಬೇರೆ. ಆ ನಗು ಮಾತ್ರ ಎಲ್ಲ ಕಡೆ ಒಂದೇ.

‘ಯಾಕ್ರೋ ನಗ್ತೀರಿ?’ ಎಂದು ಕೇಳಿದರೆ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಮ್ಮೆ ಕೇಳಿದರೆ ‘ಅಂಥೋರು ಸಾರ್’ ಎನ್ನುತ್ತಾರೆ. ಅಂಥೋರು ಅಂದರೆ ಎಂಥವರು? ಒಬ್ಬ ‘ಹೆಣ್ಣಿನ ಥರ ಮಾತಾಡೋರು’ ಅಂತಾನೆ, ಇನ್ನೊಬ್ಬ ‘ಸಿಗ್ನಲ್‌ನಲ್ಲಿ ದುಡ್ಡು ಕೇಳೋರು’ ಅಂತಾನೆ. ಮೂರನೆಯವನು ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಾನೆ, ಮತ್ತೆ ನಗು. ಒಬ್ಬ ಗಂಡಸಿಗೆ ಇನ್ನೊಬ್ಬ ಗಂಡಸಿನ ಮೇಲೆ, ಒಬ್ಬ ಹೆಂಗಸಿಗೆ ಇನ್ನೊಬ್ಬ ಹೆಂಗಸಿನ ಮೇಲೆ ಪ್ರೀತಿ ಹುಟ್ಟಬಹುದು ಎಂದು ಈ ಮಕ್ಕಳಿಗೆ ಯಾರೂ ಯಾವತ್ತೂ ಹೇಳಿಕೊಟ್ಟಿಲ್ಲ. ಆದರೆ ಅಂಥವರನ್ನು ಕಂಡರೆ ನಗಬೇಕು ಎನ್ನುವುದು ಮಾತ್ರ ಅವರಿಗೆ ಬಾಯಿಪಾಠ. ವಿಷಯ ಗೊತ್ತಾಗುವ ಮೊದಲೇ ತೀರ್ಪು ಗೊತ್ತಿದೆ. ಈ ತೀರ್ಪು ಮಕ್ಕಳಿಗೆ ಎಲ್ಲಿಂದ ಬಂತು ಎಂಬುದೇ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಹುಟ್ಟುವಾಗ ಯಾವ ಮಗುವೂ ಇದನ್ನು ಹೊತ್ತು ತರುವುದಿಲ್ಲ. ಮೂರು ವರ್ಷದ ಹೊತ್ತಿಗೆ ಮಗುವಿಗೆ ತಾನು ಗಂಡೋ ಹೆಣ್ಣೋ ಎಂಬುದು ತಿಳಿಯುತ್ತದೆ. ಐದಾರು ವರ್ಷಕ್ಕೆ ಅದು ಬಹಳ ಕಟ್ಟುನಿಟ್ಟಾಗುತ್ತದೆ: ಬಳೆ ಹುಡುಗಿಯರಿಗೆ, ಕ್ರಿಕೆಟ್ ಹುಡುಗರಿಗೆ, ಅಪ್ಪ ಮುಸುರೆ ತಿಕ್ಕಿದರೆ ಅದೊಂದು ಸೋಜಿಗ. ಮುಂದೆ ಏಳೆಂಟು ವರ್ಷಕ್ಕೆ ಬಂದಾಗ ಈ ಬಿಗಿ ತಾನಾಗಿಯೇ ಸಡಿಲವಾಗುತ್ತದೆ ಎಂದು ಮಕ್ಕಳ ಮನಶ್ಶಾಸ್ತ್ರದವರು ಗುರುತಿಸಿದ್ದಾರೆ. ಸುತ್ತಲಿನ ದೊಡ್ಡವರು ಬಿಗಿದೇ ಇಟ್ಟರೆ ಹೀಗೆ ಸಡಿಲವಾಗಲು ಅವಕಾಶವೇ ಸಿಗುವುದಿಲ್ಲ. ‘ಹುಡುಗಿ ಥರ ಅಳಬ್ಯಾಡ’, ‘ಸೊಂಟ ಕುಣಿಸಬ್ಯಾಡ’, ‘ಇವನೇನ್ ಹೆಣ್ಣಿಗನೋ’ ಎಂಬ ಮಾತುಗಳು ಮನೆಯಂಗಳದಲ್ಲಿ ಎಷ್ಟು ಸಲೀಸಾಗಿ ಬೀಳುತ್ತವೆಂದರೆ ಆಡಿದವರಿಗೇ ಅವು ನೆನಪಿರುವುದಿಲ್ಲ. ಮಗುವಿಗೆ ನೆನಪಿರುತ್ತದೆ.

ತಂದೆತಾಯಿಯ ಪೂರ್ವಗ್ರಹ ಮಕ್ಕಳಿಗೆ ಎಷ್ಟು ಇಳಿದು ಬರುತ್ತದೆ ಎಂಬುದರ ಬಗ್ಗೆ ಜಗತ್ತಿನ ಬೇರೆಬೇರೆ ಕಡೆ ನಡೆದ 131 ಅಧ್ಯಯನಗಳನ್ನು ಡೆಗ್ನರ್ ಮತ್ತು ಡಾಲೆಗೆ ಎಂಬ ಇಬ್ಬರು ಸಂಶೋಧಕರು 2013ರಲ್ಲಿ ಒಟ್ಟುಗೂಡಿಸಿ ನೋಡಿದರು. ಬೇರೆ ಜನಾಂಗ, ಬೇರೆ ಗುಂಪಿನವರ ಬಗೆಗಿನ ಮನೋಭಾವವೇ ಅವುಗಳ ಮುಖ್ಯ ವಿಷಯ. ಮನೆಯ ಮನಸ್ಸಿಗೂ ಮಗುವಿನ ಮನಸ್ಸಿಗೂ ಸಂಬಂಧ ಖಂಡಿತ ಇದೆ, ಆದರೆ ಅದು ಮಧ್ಯಮ ಪ್ರಮಾಣದ್ದು, ಅಚ್ಚು ಒತ್ತಿದಂತೆ ಇಳಿಯುವಂಥದ್ದಲ್ಲ ಎಂಬುದು ಅವರಿಗೆ ಕಂಡದ್ದು. ನನಗೆ ಇದು ದೊಡ್ಡ ಭರವಸೆಯ ಮಾತು. ಮನೆ ಒಂದು ದಿಕ್ಕಿಗೆ ತಳ್ಳಿದರೂ ಮಗು ಬೇರೆ ದಿಕ್ಕಿಗೆ ನಡೆಯಬಲ್ಲದು, ಅದಕ್ಕೊಂದು ಬೇರೆ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ.

ತೊಂದರೆ ಇರುವುದು ಇಲ್ಲೇ. ಬೇರೆ ಮಾತು ಎಲ್ಲೂ ಬೀಳುವುದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಐಪಿಸಿ 377ನೇ ಕಲಮಿನಿಂದ ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಹೊರಗಿಟ್ಟಿತು. ಆ ಸಂಜೆ ಎಲ್ಲ ಚಾನೆಲ್ಲುಗಳಲ್ಲೂ ಕಾಮನಬಿಲ್ಲಿನ ಬಣ್ಣದ ಬಾವುಟ. ಹೊನ್ನಾಳಿ ಕಡೆಯ ಒಂದು ಮನೆಯಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ನಾಲ್ಕನೇ ತರಗತಿಯ ಹುಡುಗಿ ರೊಟ್ಟಿ ಮುರಿಯುತ್ತಾ ಕೇಳಿದಳು: ‘ಅಜ್ಜಾ, ಅವ್ರು ಯಾಕ್ ಅಳ್ತಾ ನಗ್ತಾ ಅದಾರ?’ ಅಜ್ಜ ರಿಮೋಟು ತಗೊಂಡು ಚಾನೆಲ್ ಬದಲಿಸಿದರು. ‘ಸುಮ್ನೆ ಊಟ ಮಾಡವ್ವಾ.’ ಅವಳ ಅಪ್ಪ ತಟ್ಟೆ ನೋಡುತ್ತಾ ಸಣ್ಣಗೆ ನಕ್ಕ. ಅಮ್ಮ ಸಾರು ಬಡಿಸಲು ಎದ್ದಳು. ಯಾರೂ ಕೆಟ್ಟ ಮಾತಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಆದರೆ ಆ ಹುಡುಗಿ ಮೂರು ಸಂಗತಿ ಕಲಿತಳು: ಇದನ್ನು ಕೇಳಬಾರದು, ಇದು ನಾಚಿಕೆಯ ವಿಷಯ, ಇದಕ್ಕೆ ಗಂಡಸರು ನಗುತ್ತಾರೆ. ಆ ಅಜ್ಜ ಬಹಳ ಮೃದು ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಒಳ್ಳೆಯವರ ಮನೆಯಲ್ಲೂ ತಿರಸ್ಕಾರ ಹುಟ್ಟುವುದು ಹೀಗೆಯೇ.

ಉಳಿದ ಪಾಠವನ್ನು ಸಿನಿಮಾ ಮಾಡುತ್ತದೆ. ಬಳುಕುತ್ತಾ ಬಂದು ನಾಯಕನ ಗೆಳೆಯನ ಮೈಮೇಲೆ ಬೀಳುವ ಒಂದು ಪಾತ್ರ, ಆ ಪಾತ್ರದ ಕೆನ್ನೆಗೆ ಒಂದು ಏಟು, ಟಾಕೀಸಿನ ತುಂಬ ನಗು. ಕನ್ನಡದಲ್ಲಿ ಎಷ್ಟೋ ದಶಕಗಳಿಂದ ಈ ದೃಶ್ಯ ಬರುತ್ತಲೇ ಇದೆ. ಬಿ.ಎಸ್. ಲಿಂಗದೇವರು ‘ನಾನು ಅವನಲ್ಲ ಅವಳು’ ಮಾಡಿದಾಗ, ಅದರಲ್ಲಿ ನಟಿಸಿದ ಕಡೂರು ಸೀಮೆಯ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ, ಬೇರೊಂದು ಬಗೆಯ ನೋಟ ಸಾಧ್ಯ ಎಂದು ನಾವು ಕಂಡೆವು. ಆದರೆ ನಮ್ಮ ತಾಲ್ಲೂಕುಗಳ ಎಷ್ಟು ಮಕ್ಕಳು ಆ ಸಿನಿಮಾ ನೋಡಿದ್ದಾರೆ? ಕಾಮಿಡಿ ತುಣುಕುಗಳು ಮಾತ್ರ ಪ್ರತಿ ಮೊಬೈಲಿನಲ್ಲೂ ಇವೆ.

ಇಷ್ಟು ಹೇಳಿದ ಮೇಲೆ ನಮ್ಮ ಸಂಸ್ಕೃತಿಯಲ್ಲಿ ಇರುವುದೆಲ್ಲ ತಿರಸ್ಕಾರವೇ ಎಂದು ಯಾರಾದರೂ ತಿಳಿದರೆ ಅದು ಅನ್ಯಾಯ. ಜಗಳೂರಿಗೆ ಸಮೀಪದ ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ 2018ರವರೆಗೆ ದಾವಣಗೆರೆ ಜಿಲ್ಲೆಯದೇ ಆಗಿತ್ತು. ಭರತ ಹುಣ್ಣಿಮೆಗೆ ನಮ್ಮ ಹಳ್ಳಿಗಳಿಂದ ಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಜನ ಆ ಬೆಟ್ಟಕ್ಕೆ ಹೋಗುತ್ತಾರೆ. ಅಲ್ಲಿ ಮಕ್ಕಳು ಜೋಗಪ್ಪಗಳನ್ನು ನೋಡುತ್ತಾರೆ. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಕೊರಳಿಗೆ ಮುತ್ತು ಕಟ್ಟಿಸಿಕೊಂಡು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಕುಣಿಯುವವರು. ಅಜ್ಜಿ ಮೊಮ್ಮಗನ ತಲೆ ಬಗ್ಗಿಸಿ ‘ಭಂಡಾರ ಹಚ್ಚಿಸ್ಕೋ’ ಅನ್ನುತ್ತಾಳೆ. ಮಗು ಹಣೆ ಒಡ್ಡುತ್ತದೆ. ಯಾವ ಹೆದರಿಕೆಯೂ ಇಲ್ಲ, ಹೇಸಿಕೆಯೂ ಇಲ್ಲ. ಅದೇ ಮಗು ಮರುವಾರ ದಾವಣಗೆರೆ ಬಸ್ ನಿಲ್ದಾಣದಲ್ಲಿ ಅಂಥದೇ ಒಬ್ಬರು ಕೈ ಚಾಚಿ ಬಂದಾಗ ಅಮ್ಮ ಸೆರಗಿನಲ್ಲಿ ತನ್ನನ್ನು ಮುಚ್ಚಿಕೊಂಡು ಮುಖ ತಿರುಗಿಸುವುದನ್ನು ನೋಡುತ್ತದೆ. ಬೆಟ್ಟದ ಮೇಲೆ ದೇವಿ, ಬಸ್ ನಿಲ್ದಾಣದಲ್ಲಿ ದರಿದ್ರ. ಒಂದೇ ವಾರದ ಅಂತರದಲ್ಲಿ ಮಗುವಿಗೆ ಎರಡು ಪಾಠ.

ಅದೇ ದಾವಣಗೆರೆ ಬಸ್ ನಿಲ್ದಾಣಕ್ಕೆ ಒಂದು ಚರಿತ್ರೆಯಿದೆ. ಬಳ್ಳಾರಿ ಸೀಮೆಯ ಕಲ್ಲುಕಂಬದ ಹುಡುಗ ಮಂಜುನಾಥ ಶೆಟ್ಟಿ ತನ್ನೊಳಗೆ ಹೆಣ್ಣನ್ನು ಕಂಡುಕೊಂಡಾಗ ಮನೆಯವರು ಹುಲಿಗಿಗೆ ಕರೆದೊಯ್ದು, ಉಡದಾರ ಕಿತ್ತು, ಸೀರೆ ಉಡಿಸಿ, ದೇವಿಗೆ ಒಪ್ಪಿಸಿದರು. ಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಭಿಕ್ಷೆ ಬೇಡಿ, ವಿಷ ಕುಡಿದು ಬದುಕುಳಿದು, ಗಂಡಸರ ಗುಂಪಿನಿಂದ ಅತ್ಯಾಚಾರಕ್ಕೊಳಗಾಗಿ, ಸಾಯಬೇಕೆಂದು ಹೊರಟಿದ್ದ ಆ ಜೀವ ದಾವಣಗೆರೆ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಹಾಡುವುದನ್ನೂ ಮಗ ತಲೆಯ ಮೇಲೆ ಕೊಡವಿಟ್ಟು ಜೋಗತಿ ನೃತ್ಯ ಮಾಡುವುದನ್ನೂ ಕಂಡು ನಿಂತಿತು. ಆಮೇಲೆ ಕಾಳವ್ವ ಜೋಗತಿಯ ಶಿಷ್ಯೆಯಾಗಿ ಬೆಳೆದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ನೋಡಿತು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕನ್ನಡದಲ್ಲೇ ಇದೆ. ನಮ್ಮ ಶಾಲಾ ಗ್ರಂಥಾಲಯಗಳಿಗೆ ಅದನ್ನು ತರಿಸುವುದಕ್ಕೆ ಯಾವ ಅಡ್ಡಿಯಿದೆಯೋ ನನಗೆ ತಿಳಿಯದು.

ಆದರೆ ಇಲ್ಲೊಂದು ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ಜೋಗಪ್ಪ, ಜೋಗತಿಯರದು ‘ನಾನು ಯಾರು’ ಎಂಬ ಪ್ರಶ್ನೆ, ಗಂಡೋ ಹೆಣ್ಣೋ ಎಂಬ ಗುರುತಿನ ಪ್ರಶ್ನೆ. ಸಲಿಂಗಿಗಳದು ‘ನನಗೆ ಯಾರ ಮೇಲೆ ಪ್ರೀತಿ’ ಎಂಬ ಪ್ರಶ್ನೆ. ಗಂಡಸಾಗಿಯೇ ಇದ್ದು, ಮೀಸೆ ಬಿಟ್ಟು, ಹೊಲ ಉಳುತ್ತಾ, ಕಬಡ್ಡಿ ಆಡುತ್ತಾ ಗಂಡಸನ್ನೇ ಪ್ರೀತಿಸುವವನಿರುತ್ತಾನೆ. ಜಡೆ ಹಾಕಿ ಹೂ ಮುಡಿದು ಇನ್ನೊಬ್ಬ ಹೆಣ್ಣನ್ನು ಪ್ರೀತಿಸುವವಳಿರುತ್ತಾಳೆ. ನಮ್ಮ ಸಂಸ್ಕೃತಿ ಮೊದಲನೆಯವರಿಗೆ ದೇವಿಯ ಹೆಸರಲ್ಲಿ ಒಂದು ಮೂಲೆ ಕೊಟ್ಟಿದೆ. ಆ ಮೂಲೆಗೆ ಹೋಗಬೇಕಾದರೆ ಮನೆ, ಆಸ್ತಿ, ಓದು ಎಲ್ಲವನ್ನೂ ಬಿಡಬೇಕು. ಬಡತನ ಮತ್ತು ಶೋಷಣೆ ಜೊತೆಗೇ ಬರುತ್ತವೆ, ಹಾಗಾಗಿ ಅದನ್ನು ಹೊಗಳುವ ಮನಸ್ಸು ನನಗಿಲ್ಲ. ಎರಡನೆಯವರಿಗೆ ಆ ಮೂಲೆಯೂ ಇಲ್ಲ. ಅವರನ್ನು ಕರೆಯುವುದಕ್ಕೆ ಬೈಗುಳವಲ್ಲದ ಒಂದು ಹೆಸರು ಕೂಡ ಹಳ್ಳಿಯ ಮಗುವಿಗೆ ಗೊತ್ತಿಲ್ಲ. ಮಗುವಿನ ತಲೆಯಲ್ಲಿ ಎಲ್ಲರೂ ಕಲಸಿ ‘ಒಂಬತ್ತು’ ಆಗಿದ್ದಾರೆ.

ನಮ್ಮದೇ ಜಿಲ್ಲೆಯ ಹರಿಹರದಲ್ಲಿ, 13ನೇ ಶತಮಾನದ ಹೊಯ್ಸಳ ಗುಡಿಯಲ್ಲಿ, ಅರ್ಧ ಶಿವ ಅರ್ಧ ವಿಷ್ಣು ಒಂದೇ ಮೈಯಾಗಿ ನಿಂತಿದ್ದಾರೆ. ಬಯಲಾಟಗಳಲ್ಲಿ ಗಂಡಸರು ದ್ರೌಪದಿಯಾಗಿ ರಾತ್ರಿಯಿಡೀ ಕುಣಿದಿದ್ದಾರೆ. ವಿರಾಟನ ಮನೆಯಲ್ಲಿ ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ್ದನ್ನು ಕೇಳದ ಮಗು ನಮ್ಮಲ್ಲಿಲ್ಲ. ಜೇಡರ ದಾಸಿಮಯ್ಯ ಒಳಗಿನ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬ ಅರ್ಥದ ವಚನವನ್ನು ಬರೆದು ಸಾವಿರ ವರ್ಷವಾಗುತ್ತಾ ಬಂತು. ಇವೆಲ್ಲ ಸಲಿಂಗ ಪ್ರೇಮಕ್ಕೆ ಪುರಾವೆ ಎಂದು ಎತ್ತಿ ಹಿಡಿಯುವವರಿದ್ದಾರೆ. ನನಗದು ಸರಿ ಕಾಣದು. ಹರಿಹರನ ಕಥೆ ಗುಹಾಸುರನ ಸಂಹಾರದ್ದು, ಶೈವ ವೈಷ್ಣವರ ಸಾಮರಸ್ಯದ್ದು. ಪುರಾಣದಿಂದ ಸರ್ಟಿಫಿಕೇಟು ತಂದು ಯಾರ ಹಕ್ಕನ್ನೂ ಸ್ಥಾಪಿಸಬೇಕಿಲ್ಲ. ನಾನು ಗಮನಿಸುವುದು ಇಷ್ಟೇ: ಗಂಡು ಹೆಣ್ಣಿನ ಗೆರೆ ಅಳಿಸಿದ ಕಥೆ ಕೇಳಿದಾಗ ಮಗು ಹೆದರುವುದಿಲ್ಲ, ಅಸಹ್ಯಪಡುವುದಿಲ್ಲ, ‘ಆಮೇಲೆ?’ ಎಂದು ಕೇಳುತ್ತದೆ. ಅಸಹ್ಯ ಮಕ್ಕಳ ಗುಣವಲ್ಲ.

‘ಇದು ಪಾಶ್ಚಾತ್ಯರ ರೋಗ’ ಎನ್ನುವ ಮಾತು ಮಠದ ಜಗುಲಿಯಲ್ಲೂ ಕೇಳುತ್ತದೆ, ಮಸೀದಿಯ ಎದುರಿನ ಚಹದಂಗಡಿಯಲ್ಲೂ ಕೇಳುತ್ತದೆ. ಪಶ್ಚಿಮದಿಂದ ನಮಗೆ ಬಂದದ್ದು ಶಿಕ್ಷೆ. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯೇ ಇದನ್ನು ಅಪರಾಧ ಮಾಡಿದ್ದು. ಅದನ್ನು ಕಿತ್ತುಹಾಕುವ ದಾರಿಯನ್ನು ತೆರೆದ 2017ರ ಖಾಸಗಿತನದ ತೀರ್ಪಿನ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕನ್ನಡಿಗರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಕಲಮೇ ಇಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಎಂದಿತು.

ತಂದೆತಾಯಿಯರ ನಿಜವಾದ ಭಯ ಕಾನೂನಿನದಲ್ಲ. ‘ಇಂಥದ್ದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಹಂಗೇ ಆಗಿಬಿಡ್ತಾರೆ ಮೇಷ್ಟ್ರೇ’ ಎನ್ನುತ್ತಾರೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಯೋಚಿಸಿ. ಸಲಿಂಗಿ ಕಥೆಗಾರ ವಸುಧೇಂದ್ರ 1969ರಲ್ಲಿ ಸಂಡೂರಿನಲ್ಲಿ ಹುಟ್ಟಿದವರು. ಆ ಗಣಿ ಊರಿನಲ್ಲಿ, ಸಂಪ್ರದಾಯಸ್ಥ ಮನೆಯಲ್ಲಿ, ಅವರಿಗೆ ಯಾರು ಇದನ್ನು ಹೇಳಿಕೊಟ್ಟರು? ಸುತ್ತ ಕಂಡದ್ದೆಲ್ಲ ಗಂಡು ಹೆಣ್ಣಿನ ಜೋಡಿಗಳೇ, ಕೇಳಿದ್ದೆಲ್ಲ ಸೀತಾರಾಮರ ಕಥೆಯೇ. ನೋಡಿ ಕಲಿಯುವುದಾಗಿದ್ದರೆ ಅವರು ಹಾಗೆ ಆಗಬಾರದಿತ್ತು. 2013ರಲ್ಲಿ ಅವರು ‘ಮೋಹನಸ್ವಾಮಿ’ ಕಥೆಗಳನ್ನು ಪ್ರಕಟಿಸಿ ತಾನು ಯಾರೆಂದು ಹೇಳಿಕೊಂಡು ಕನ್ನಡದ ಓದುಗರ ಮುಂದೆ ನಿಂತಾಗ ಅವರಿಗೆ ನಲವತ್ತು ದಾಟಿತ್ತು. ಅಲ್ಲಿಯವರೆಗಿನ ಆ ಒಂಟಿತನದ ಬೆಲೆಯನ್ನು ಆ ಪುಸ್ತಕ ಓದಿದವರು ಬಲ್ಲರು. ಹೇಳಿಕೊಟ್ಟು ಯಾರನ್ನೂ ಸಲಿಂಗಿ ಮಾಡಲಾಗುವುದಿಲ್ಲ. ಹೇಳದೆ ಬಿಟ್ಟು ಒಬ್ಬ ಸಲಿಂಗಿ ಮಗುವನ್ನು ಕತ್ತಲಲ್ಲಿ ಬಿಡಬಹುದು, ಅಷ್ಟೇ.

ಇದು ರೋಗವೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು, ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿತು. ‘ಸರಿಪಡಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಆದರೂ ನಮ್ಮ ಕಡೆ ಮೊದಲು ನೆನಪಾಗುವುದು ತಾಯಿತ, ಹರಕೆ, ಕೊನೆಗೆ ಮದುವೆ. ‘ಒಂದು ಮದುವಿ ಮಾಡಿದ್ರೆ ಎಲ್ಲ ಸರಿಹೋಗ್ತದೆ’. ಈ ಒಂದು ಮಾತಿನಿಂದ ಹಾಳಾದ ಬದುಕುಗಳ ಲೆಕ್ಕ ಯಾರೂ ಇಟ್ಟಿಲ್ಲ. ಹಾಳಾಗುವುದು ಆ ಹುಡುಗನ ಬದುಕು ಮಾತ್ರವಲ್ಲ. ಏನೂ ಅರಿಯದೆ ಬಂದ ಒಬ್ಬ ಹೆಣ್ಣುಮಗಳು, ಎರಡು ವರ್ಷವಾದರೂ ಗಂಡ ಯಾಕೆ ಹತ್ತಿರ ಬರುವುದಿಲ್ಲವೆಂದು ತನ್ನಲ್ಲೇ ಐಬು ಹುಡುಕುತ್ತಾ, ಅತ್ತೆಯಿಂದ ‘ಬಂಜೆ’ ಎನ್ನಿಸಿಕೊಳ್ಳುತ್ತಾಳೆ. ಮಗನನ್ನು ಸರಿಮಾಡುವ ಔಷಧಿಯಾಗಿ ಇನ್ನೊಬ್ಬರ ಮಗಳನ್ನು ತರುವುದು ಪಾಪ. ನನಗೆ ಇದಕ್ಕಿಂತ ಮೆದುವಾದ ಪದ ಸಿಗುತ್ತಿಲ್ಲ.

ಆ ಕಿಸಕ್ ನಗು ಇನ್ನೊಂದು ಕೆಡುಕನ್ನೂ ಮಾಡುತ್ತದೆ, ಇದು ಬಹಳ ಪೋಷಕರ ಗಮನಕ್ಕೆ ಬಂದಿರುವುದಿಲ್ಲ. ಜಗಳೂರಿನಂಥ ಬರದ ತಾಲ್ಲೂಕಿನಿಂದ ಎಷ್ಟೋ ಮಕ್ಕಳು ಹತ್ತು ಹನ್ನೊಂದನೇ ವಯಸ್ಸಿಗೇ ಹಾಸ್ಟೆಲ್ಲಿಗೆ ಹೋಗುತ್ತಾರೆ. ಅಪ್ಪ ಅಮ್ಮ ಗುಳೆ ಹೋದಾಗ ಅದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅಂಥಲ್ಲಿ ದೊಡ್ಡವನೊಬ್ಬ ಸಣ್ಣ ಹುಡುಗನ ಮೇಲೆ ದೌರ್ಜನ್ಯ ಮಾಡಿದರೆ ಆ ಹುಡುಗ ಯಾರಿಗೆ ಹೇಳಬೇಕು? ಹೇಳಿದರೆ ನಾಳೆಯಿಂದ ಅವನೇ ‘ಒಂಬತ್ತು’. ಹಾಗಾಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನ ಎಲ್ಲ ಮಕ್ಕಳನ್ನೂ, ಗಂಡು ಹೆಣ್ಣೆಂಬ ಭೇದವಿಲ್ಲದೆ ರಕ್ಷಿಸುತ್ತದೆ. ಆದರೆ ಮಗು ಬಾಯಿ ಬಿಟ್ಟರೆ ತಾನೆ ಕಾಯ್ದೆ ಕೆಲಸ ಮಾಡುವುದು. ಮಗುವಿನ ಮೇಲಿನ ದೌರ್ಜನ್ಯಕ್ಕೂ ವಯಸ್ಕರಿಬ್ಬರ ಪ್ರೀತಿಗೂ ಸಂಬಂಧವಿಲ್ಲ; ಹೆಣ್ಣುಮಕ್ಕಳ ಮೇಲೆ ಕೈಮಾಡುವವನನ್ನು ನಾವು ಪ್ರೇಮಿ ಎನ್ನುವುದಿಲ್ಲವಷ್ಟೇ. ಎರಡನ್ನೂ ಕಲಸಿ ಒಂದೇ ಬೈಗುಳ ಮಾಡಿದ್ದರಿಂದ ಸಲಿಂಗಿಗೂ ಅನ್ಯಾಯವಾಯಿತು, ದೌರ್ಜನ್ಯಕ್ಕೊಳಗಾದ ಮಗುವಿಗೂ ಅನ್ಯಾಯವಾಯಿತು. ತಪ್ಪಿತಸ್ಥನೊಬ್ಬನೇ ಆರಾಮಾಗಿದ್ದಾನೆ.

ಮತ್ತೆ, ಪ್ರತಿ ತರಗತಿಯಲ್ಲೂ ಒಂದಿಬ್ಬರಾದರೂ ತಮಗೇ ಇನ್ನೂ ಹೆಸರಿಡಲು ಬಾರದ ಒಂದು ಭಾವವನ್ನು ಒಳಗೆ ಇಟ್ಟುಕೊಂಡಿರುವ ಮಕ್ಕಳು ಇದ್ದೇ ಇರುತ್ತಾರೆ. ಎಲ್ಲರೂ ನಕ್ಕಾಗ ಅವರೂ ನಗುತ್ತಾರೆ, ಬಹುಶಃ ಎಲ್ಲರಿಗಿಂತ ಜೋರಾಗಿ. ಅಮೆರಿಕದ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಿ ಯುವಜನರು, ತಿರಸ್ಕಾರ ಕಾಣದ ಇಲ್ಲವೇ ಅಲ್ಪಸ್ವಲ್ಪ ಮಾತ್ರ ಕಂಡ ಅಂಥವರೇ ಯುವಜನರಿಗಿಂತ 8.4 ಪಟ್ಟು ಹೆಚ್ಚು ಆತ್ಮಹತ್ಯೆಗೆ ಯತ್ನಿಸಿದ್ದರು. ಕ್ಯಾಲಿಫೋರ್ನಿಯಾದ ಅಂಕಿ ನಮ್ಮ ಜಿಲ್ಲೆಗೆ ಹಾಗೆಯೇ ಹೊಂದದಿರಬಹುದು. ತಾಯಿ ಮುಖ ತಿರುಗಿಸಿದಾಗ ಮಗುವಿಗೆ ಆಗುವ ನೋವು ಮಾತ್ರ ದೇಶ ನೋಡಿ ಬದಲಾಗುವುದಿಲ್ಲ.

ಹೀಗೆ ಬೆಳೆದ ಮನಸ್ಸು ಬದಲಾಗುತ್ತದೆಯೇ? ಆಗುತ್ತದೆ, ಮತ್ತು ದೊಡ್ಡವರಲ್ಲೂ ಆಗುತ್ತದೆ. ಮದುರೆಯ ಇಬ್ಬರು ಯುವತಿಯರು ಪರಸ್ಪರ ಪ್ರೀತಿಸಿ, ಮನೆಯವರಿಗೆ ಹೆದರಿ ಚೆನ್ನೈಗೆ ಓಡಿಬಂದು ರಕ್ಷಣೆ ಕೋರಿದ ಪ್ರಕರಣ 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಅವರು ಆ ಯುವತಿಯರಿಗೂ ತಂದೆತಾಯಿಯರಿಗೂ ಆಪ್ತಸಮಾಲೋಚನೆಗೆ ಹೇಳಿದರು. ಆಮೇಲೆ, ಈ ವಿಷಯದಲ್ಲಿ ತನ್ನ ಮನಸ್ಸೂ ಬೆಳೆದುಬಂದ ಸಮಾಜದ ಮನಸ್ಸೇ, ತೀರ್ಪು ಬರೆಯುವ ಮುನ್ನ ತಾನೂ ಕಲಿಯಬೇಕು ಎಂದು ಬಹಿರಂಗವಾಗಿ ಹೇಳಿ, ಸ್ವತಃ ಮನಶ್ಶಾಸ್ತ್ರಜ್ಞೆಯೊಬ್ಬರ ಎದುರು ವಿದ್ಯಾರ್ಥಿಯಾಗಿ ಕೂತರು. ಜೂನ್ 7ರಂದು ಬಂದ ಆದೇಶದಲ್ಲಿ ಪೊಲೀಸರಿಗೆ, ವೈದ್ಯರಿಗೆ, ಶಾಲೆಗಳಿಗೆ ನಿರ್ದೇಶನಗಳಿದ್ದವು. ನಮ್ಮೆಲ್ಲರಂತೆ ಬೆಳೆದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಎನ್ನಬಹುದಾದರೆ, ಹೊನ್ನಾಳಿಯ ಒಬ್ಬ ಶಿಕ್ಷಕ, ನ್ಯಾಮತಿಯ ಒಬ್ಬ ತಂದೆ ಅನ್ನಬಾರದೇಕೆ?

ಪರಿಚಯ ಪೂರ್ವಗ್ರಹವನ್ನು ಕರಗಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಬರೆದಿದ್ದರು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ಸಂಶೋಧಕರು 515 ಅಧ್ಯಯನಗಳನ್ನು ಜೋಡಿಸಿ ನೋಡಿದಾಗ ಆ ಮಾತು ಸಲಿಂಗಿಗಳ ವಿಷಯದಲ್ಲಿ ಬೇರೆಲ್ಲಕ್ಕಿಂತ ಗಟ್ಟಿಯಾಗಿ ನಿಜವಾಗಿತ್ತು. ಸಲಿಂಗ ಸಂಬಂಧವನ್ನು ಸಮಾಜ ಒಪ್ಪಬೇಕೆಂದ ಭಾರತೀಯರು 2014ರಲ್ಲಿ ಶೇ 15, 2019ರಲ್ಲಿ ಶೇ 37 ಎಂದು ಪ್ಯೂ ಸಂಸ್ಥೆಯ ಸಮೀಕ್ಷೆ ಹೇಳಿತು. ಇಲ್ಲಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರಲ್ಲೂ ಈ ಬದಲಾವಣೆ ಕಾಣುತ್ತದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯ ಸಹೋದ್ಯೋಗಿ ಹಾಗಿರುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ತಮ್ಮ ‘ಒಂಬತ್ತು’ ಎಂದು ನಕ್ಕರೆ ಅಕ್ಕ ಗದರುತ್ತಾಳೆ. ಅಂಥ ಒಬ್ಬ ಅಕ್ಕ ಮನೆಯಲ್ಲಿದ್ದರೆ ಸಾಕು, ಹತ್ತು ಭಾಷಣ ಬೇಡ.

ಎಲ್ಲ ಮನೆಯಲ್ಲೂ ಅಂಥ ಅಕ್ಕ ಇರುವುದಿಲ್ಲ, ಅದಕ್ಕೇ ಶಾಲೆ ಬೇಕು. ಶಾಲೆಯ ಚರಿತ್ರೆ ಮಾತ್ರ ಬೇಸರ ತರಿಸುತ್ತದೆ. 2007ರಲ್ಲಿ ಹದಿಹರೆಯದ ಶಿಕ್ಷಣದ ಪಠ್ಯಕ್ಕೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡವೆಂದವು. 2021ರಲ್ಲಿ ಎನ್‌ಸಿಇಆರ್‌ಟಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಕುರಿತು ಶಿಕ್ಷಕರಿಗೆ ಕೈಪಿಡಿ ತಂದು, ವಿರೋಧ ಬಂದ ಕೆಲವೇ ದಿನಗಳಲ್ಲಿ ಜಾಲತಾಣದಿಂದ ತೆಗೆಯಿತು. ಆದರೆ ಕೇಂದ್ರ ಆರೋಗ್ಯ ಇಲಾಖೆ 2017ರ ಫೆಬ್ರುವರಿಯಲ್ಲಿ ಹದಿಹರೆಯದವರಿಗಾಗಿ ಬಿಡುಗಡೆ ಮಾಡಿದ ‘ಸಾಥಿಯಾ’ ಕೈಪಿಡಿಯಲ್ಲಿ, ಈ ವಯಸ್ಸಿನಲ್ಲಿ ವಿರುದ್ಧ ಲಿಂಗದವರ ಮೇಲಾಗಲಿ ಸ್ವಲಿಂಗದವರ ಮೇಲಾಗಲಿ ಆಕರ್ಷಣೆ ಹುಟ್ಟುವುದು ಸಹಜ, ಹುಡುಗ ಅತ್ತರೆ ತಪ್ಪಿಲ್ಲ, ಹುಡುಗಿಯಂತೆ ಮಾತಾಡುವ ಹುಡುಗನನ್ನು ಅಣಕಿಸಬಾರದು ಎಂಬ ಅರ್ಥದ ಮಾತುಗಳಿವೆ. ಸರ್ಕಾರವೇ ಹೇಳಿದ ಮಾತು. ಇದನ್ನು ತರಗತಿಯಲ್ಲಿ ಹೇಳಲು ಹೆದರುವ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಆಸರೆ ಏನು ಬೇಕು?

ಮಕ್ಕಳಿಗೆ ಹೇಳುವುದು ಕಷ್ಟವೂ ಅಲ್ಲ. ಎಂಟು ವರ್ಷದ ಮಗು ಕೇಳಿದರೆ ‘ಕೆಲವು ಗಂಡಸರಿಗೆ ಗಂಡಸರ ಮೇಲೆ, ಕೆಲವು ಹೆಂಗಸರಿಗೆ ಹೆಂಗಸರ ಮೇಲೆ ಪ್ರೀತಿ ಬರುತ್ತೆ, ಅವರೂ ಕೂಡಿ ಬಾಳ್ತಾರೆ’ ಎಂದರೆ ಸಾಕು. ಮಗು ತಲೆಯಾಡಿಸಿ ಆಟಕ್ಕೆ ಹೋಗುತ್ತದೆ. ದೇಹದ ಮಾತು ಆ ವಯಸ್ಸಿಗೆ ಬೇಕಿಲ್ಲ. ಹದಿನಾಲ್ಕರ ಹುಡುಗನಿಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು: ಇದು ರೋಗವಲ್ಲ, ಅಪರಾಧವಲ್ಲ, ಯಾರ ಮೈಯನ್ನೂ ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬ ನಿಯಮ ಎಲ್ಲರಿಗೂ ಒಂದೇ. ಧರ್ಮದ ಪ್ರಕಾರ ಇದು ತಪ್ಪೆಂದು ನಂಬುವ ಮನೆಗಳಿವೆ, ಆ ನಂಬಿಕೆಯನ್ನು ಬಿಡಿಸುವ ಅಧಿಕಾರ ನನಗಿಲ್ಲ. ಅಂಥ ಮನೆಯಲ್ಲೂ ‘ಯಾರನ್ನೂ ಹೀಯಾಳಿಸಬೇಡ, ಹೊಡೆಯಬೇಡ’ ಎಂದು ಮಗುವಿಗೆ ಹೇಳಬಹುದು, ಹೇಳಲೇಬೇಕು. ನಾನು ಕಂಡ ಒಬ್ಬ ಚನ್ನಗಿರಿಯ ಕಡೆಯ ತಾಯಿ, ಅಡಿಕೆ ಸುಲಿಯುವ ಹೆಂಗಸರ ನಡುವೆ ಯಾರೋ ಪಕ್ಕದೂರಿನ ಹುಡುಗನೊಬ್ಬನ ನಡಿಗೆಯನ್ನು ಆಡಿಕೊಂಡು ನಕ್ಕಾಗ, ಅಲ್ಲೇ ಕೂತಿದ್ದ ತನ್ನ ಮಗನತ್ತ ನೋಡಿ ‘ಅವನೂ ಒಬ್ಬ ತಾಯಿ ಹೆತ್ತ ಮಗ ಕಣ್ರವ್ವಾ, ಬಿಡ್ರಿ’ ಎಂದಳು. ಅವಳಿಗೆ ಯಾವ ಅಧ್ಯಯನವೂ ಗೊತ್ತಿರಲಿಲ್ಲ. ಮಗ ಕೇಳಿಸಿಕೊಂಡ.

ಸ್ವಾಮೀಜಿಗಳೂ ಈ ಮಾತು ಆಡಬಹುದು. 1950ರಲ್ಲಿ ಜಗಳೂರಿನಲ್ಲೇ ಆರಂಭವಾದ ತರಳಬಾಳು ಹುಣ್ಣಿಮೆಯ ವೇದಿಕೆಯಲ್ಲಿ ಕೃಷಿಯಿಂದ ಹಿಡಿದು ಸಾಹಿತ್ಯದವರೆಗೆ ಎಲ್ಲದರ ಚರ್ಚೆಯಾಗಿದೆ. ಅಲ್ಲಿ ಒಂದು ಸಂಜೆ ಮಂಜಮ್ಮ ಜೋಗತಿ ಕೂತು ತಮ್ಮ ಬಾಲ್ಯದ ಬಗ್ಗೆ, ವಸುಧೇಂದ್ರ ಕೂತು ತಮ್ಮ ಬಾಲ್ಯದ ಬಗ್ಗೆ ಮಾತಾಡಿದರೆ ಕೇಳಲು ನಮ್ಮ ಜನ ಬರುತ್ತಾರೆ ಎಂದು ನನಗೆ ನಂಬಿಕೆಯಿದೆ.

ಅಲ್ಲಿಯವರೆಗೆ ಕೈಗೆಟುಕುವ ಕೆಲಸ ಸಾಕಷ್ಟಿದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ವ್ಯವಸ್ಥೆಯಿದೆ, ಆದರೆ ಅದು ಇದೆಯೆಂದೇ ಬಹಳ ಮಕ್ಕಳಿಗೆ ಗೊತ್ತಿಲ್ಲ. ಮನಸ್ಸಿಗೆ ತೀರಾ ಕಷ್ಟವಾದಾಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲಿರುಳೂ ಕನ್ನಡದಲ್ಲೇ ಮಾತಾಡುತ್ತಾರೆ. ದೌರ್ಜನ್ಯವಾದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರುಗಳನ್ನು ಪ್ರತಿ ಹಾಸ್ಟೆಲ್ಲಿನ ಊಟದ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಲು ವಾರ್ಡನ್ನರಿಗೆ ಒಂದು ಡಬ್ಬಿ ಬಣ್ಣ ಸಾಕು. ಈ ಸಲದ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಹತ್ತು ನಿಮಿಷ ಇದಕ್ಕೂ ಕೊಡಲಿ. ಹಾಜರಿ ಪುಸ್ತಕದಲ್ಲಿ ಒಂಬತ್ತನೇ ಸಾಲಿನಲ್ಲಿರುವ ಮಕ್ಕಳನ್ನು ನಂಬರಿನ ಬದಲು ಹೆಸರು ಹಿಡಿದು ಕರೆಯುವುದನ್ನಂತೂ ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು.